ಸರಪಳಿ ಕಟ್ಟದ ಸ್ಪ್ರಿಂಗು

ಅಕ್ಟೋಬರ್ 12, ಶನಿವಾರ, ಟೊಲೆಡೊ

ಕೈ ಊದಿದೆ, ಪೆನ್ನು ಸರಿಯಾಗಿ ಹಿಡಿಯಲು ಆಗುತ್ತಿಲ್ಲ.

ಸತ್ತ ಅಪ್ಪನ ಅರವತ್ತೊಂಬತ್ತನೇ ಇಸವಿಯ ಶೆವೆಲ್ ಕಾರು ಅಮ್ಮನ ಸೊಂಟ ನೋಯಿಸದೆ ಓಡಲಿ ಎಂದು ಇವತ್ತು ಚಕ್ರದ ಹಳೆಯ ಸ್ಪ್ರಿಂಗು ಕಳಚಲು ಕೂತೆವು. ಅದಕ್ಕೆ ಮೊದಲು ಸ್ಪ್ರಿಂಗು ಚಿಮ್ಮದಂತೆ ಸರಪಳಿ ಬಿಗಿಯಬೇಕು. ಅಪ್ಪ ನಮ್ಮಿಬ್ಬರಿಗೂ ಗುದ್ದಿ ಗುದ್ದಿ ಕಲಿಸಿದ ಪಾಠ ಅದು.

ತಮ್ಮ ರಾಯ್ಸ್ ನಕ್ಕ. "ಸರಪಳಿ ಯಾಕಣ್ಣ, ಅದೇನು ನಾಯೀನಾ?"

ನಾನು ಸರಪಳಿ ಎತ್ತಿಕೊಳ್ಳುವಷ್ಟರಲ್ಲಿ ಅವನು ಸ್ಪ್ರಿಂಗನ್ನು ಒತ್ತಿ ಹಿಡಿದಿದ್ದ ಜಾಕು ಇಳಿಸಿಯೇಬಿಟ್ಟ. ಸ್ಪ್ರಿಂಗು ಗುಂಡಿನಂತೆ ಚಿಮ್ಮಿ, ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಯ ಹಲಗೆ ಸೀಳಿತು.

ಅವನ ಕೊರಳಪಟ್ಟಿ ಹಿಡಿದು ಕಾರಿಗೆ ಒತ್ತಿ ಗುದ್ದಿದೆ. ಹಲ್ಲು ಮುರಿದ ಮೇಲೂ ಗುದ್ದಿದೆ. ಅವನು ಕೈ ಎತ್ತಲೇ ಇಲ್ಲ. ರಕ್ತ ಉಗುಳಿ, ನನ್ನ ಮುಷ್ಟಿಯನ್ನೇ ನೋಡುತ್ತಾ ಅಂದ:

"ಅಪ್ಪ ಸತ್ತೋದ ಅಂದ್ಕೊಂಡಿದ್ನಲ್ಲಣ್ಣ."