ಬೆಳ್ಳುಳ್ಳಿ ಇಲ್ಲದ ಸಾರು

ಜೂನ್ 9, ಸೋಮವಾರ. ಬೆಳಿಗ್ಗೆ 5.20

1.10ಕ್ಕೆ ಹಾಲು, ಎಡಗಡೆ. 3.40ಕ್ಕೆ ಹಾಲು, ಬಲಗಡೆ. ನಡುವೆ ಏಳು ಸಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಉಸಿರಿತ್ತು. ಏಳು ಸಲವೂ ಇತ್ತು. ಎಂಟನೆಯ ಸಲ ಇಲ್ಲದೆ ಹೋದರೆ — ಅದೇ ತೊಂದರೆ.

ಮಹಿಮಾಗೆ ಇವತ್ತಿಗೆ ನಾಲ್ಕು ತಿಂಗಳು ಆರು ದಿನ. ಕಾಯಿಲೆ ಇಲ್ಲ. ತೂಕ ಸರಿ ಇದೆ. ಡಾಕ್ಟರ್ "ಫಸ್ಟ್‌ಕ್ಲಾಸ್ ಮಗು" ಅಂದಿದ್ದಾರೆ. ಎಂ.ಎಸ್ಸಿ. ಓದಿದವಳು ನಾನು, ಪುರಾವೆ ಅಂದರೆ ಏನು ಅಂತ ಗೊತ್ತು. ಆದರೂ ಬೆರಳು ತಾನಾಗಿ ಹೋಗುತ್ತದೆ.

ಅರಸೀಕೆರೆಯ ತವರಿನಿಂದ ಹಳೇಬೀಡಿಗೆ ಬಂದು ಇಪ್ಪತ್ತು ದಿನ. ಅಲ್ಲಿ ಅಮ್ಮ ಪಕ್ಕದಲ್ಲಿ ಮಲಗುತ್ತಿದ್ದರು. ಇಲ್ಲಿ ನಿಶ್ಚಲ್ ಮಲಗುತ್ತಾರೆ. ಮಲಗುತ್ತಾರೆ, ಅಷ್ಟೇ. ಪಾಪ, ಏಳೂವರೆ ಬಸ್ಸಿಗೆ ಬ್ಯಾಂಕಿಗೆ ಓಡಬೇಕು. ಅವರಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಹೇಳಿದರೆ... ತಲೆ ಕೆಟ್ಟಿದೆ, ಮಗುವನ್ನು ಇವಳ ಕೈಗೆ ಕೊಡಬೇಡಿ ಅಂದುಬಿಟ್ಟರೆ?

ಮಧ್ಯಾಹ್ನ 2.30

ಅತ್ತೆ ಬಸದಿಯಿಂದ ಬಂದವರೇ ಶುರು ಮಾಡಿದರು. ಅವರ ಮಹಿಳಾ ಸಮಾಜದವರು ನಾಳೆಯಿಂದ ಬೇಲೂರಿನ ಆಸ್ಪತ್ರೆಗೆ ಊಟ ಕಳಿಸುತ್ತಾರಂತೆ. ಹೆರಿಗೆ ವಾರ್ಡಿನ ಬಾಣಂತಿಯರಿಗೆ, ದಿನಾ ಸಂಜೆ. ಅಡುಗೆಗೆ ಕೈಗಳಿವೆ, ಹೋಗಿ ಬಡಿಸಲು ಜನ ಸಾಲದು.

"ಮಂಗಳವಾರ, ಶುಕ್ರವಾರ ನೀನು ಹೋಗು. ನಾಲ್ಕಕ್ಕೆ ಹೊರಟ್ರೆ ಆರೂವರೆಗೆ ಮನೇಲಿರ್ತೀಯ."

"ಅತ್ತೆ, ಮಗು..."

"ಮಗು ನನ್ನ ಹತ್ರ ಇರುತ್ತೆ. ನಿನ್ನ ಗಂಡನ್ನ ಬೆಳೆಸಿದ್ದು ಪಕ್ಕದ ಮನೆಯವರಲ್ಲ ಕಣೇ."

ಹೂಂ ಅಂದುಬಿಟ್ಟೆ. ಇಲ್ಲ ಅನ್ನಬೇಕಿದ್ದರೆ ಕಾರಣ ಹೇಳಬೇಕಿತ್ತು.

ಜೂನ್ 10, ಮಂಗಳವಾರ. ಸಂಜೆ 7

ಹೋದೆ. ಬಂದೆ. ಮಗು ಇದೆ.

ಕಿರಾಣಿ ಅಂಗಡಿಯ ಪದ್ಮಪ್ರಸಾದ್ ಮಾಮನ ಓಮ್ನಿ. ಹಗರೆ ದಾಟುವಷ್ಟರಲ್ಲಿ ಅತ್ತೆಗೆ ಮೂರು ಫೋನ್ ಮಾಡಿದ್ದೆ. ಮೂರನೆಯದಕ್ಕೆ ಅತ್ತೆ, "ಮಲಗಿದೆ ಕಣಮ್ಮ. ಎದ್ರೆ ನಿನ್ನ ಫೋನಿಗೇ ಏಳೋದು" ಅಂದು ಕಟ್ ಮಾಡಿದರು. ಮಾಮ ಮುಂದೆ ನೋಡಿಕೊಂಡೇ ನಕ್ಕರು.

ವಾರ್ಡಿನಲ್ಲಿ ಎಂಟು ಹಾಸಿಗೆ. ಮೆಣಸಿನ ಸಾರು, ಮೆತ್ತಗಿನ ಅನ್ನ, ಸಬ್ಬಸಿಗೆ ಸೊಪ್ಪಿನ ಪಲ್ಯ, ತುಪ್ಪ — ಅತ್ತೆ ಬೆಳಿಗ್ಗೆಯಿಂದ ನಿಂತು ಮಾಡಿಸಿದ್ದು. ಇಂಗಿನ ಒಗ್ಗರಣೆಯ ಘಮ. ಹೆಮ್ಮೆಯಿಂದ ಮೊದಲ ಹಾಸಿಗೆಯ ಹತ್ತಿರ ಡಬ್ಬಿ ತೆರೆದೆ. ಅಲ್ಲಿ ಹಗರೆಯ ಮುತ್ತಮ್ಮ, ಮಗಳು ಮಂಜುಳಾಳ ಬಾಣಂತನಕ್ಕೆ ಜೊತೆಗಿರುವವರು. ಮಂಜುಳಾಳ ಗಂಡುಮಗು ಎರಡು ಕೆ.ಜಿ.ಗೂ ಕಡಿಮೆ. ತೂಕ ಏರುವ ತನಕ ಮನೆಗೆ ಕಳಿಸುವುದಿಲ್ಲವಂತೆ.

ಮುತ್ತಮ್ಮ ಡಬ್ಬಿ ಮೂಸಿ ನೋಡಿದರು.

"ಇದೇನವ್ವ, ಬೆಳ್ಳುಳ್ಳೀನೇ ಹಾಕಿಲ್ಲ?"

"ನಾವು ಜೈನರು ಅಮ್ಮ. ಹಾಕಲ್ಲ."

"ನೀವು ಉಣ್ಬ್ಯಾಡಿ. ಬಾಣಂತಿ ಏನ್ ಪಾಪ ಮಾಡವ್ಳೆ? ಬೆಳ್ಳುಳ್ಳಿ ಇಲ್ದೆ ಹಾಲು ಎಲ್ಲಿಂದ ಬತ್ತೈತೆ? ಇದು ಜ್ವರ ಬಂದೋರ ಊಟ ಕಣವ್ವ."

ಪಕ್ಕದ ಹಾಸಿಗೆಯವಳು ಗಡಿಯಾರ ನೋಡಿದಳು. "ಐದು ಗಂಟೆಗೆ ಉಣ್ಣಕ್ಕೆ ನಾವೇನು ಕೋಳಿಗಳಾ?" ಇಡೀ ವಾರ್ಡು ನಕ್ಕಿತು.

ನಿಜವೇ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದು ನಮಗೆ ಎಷ್ಟು ರೂಢಿಯೆಂದರೆ, ಬೇರೆಯವರಿಗೆ ಆಗ ಹಸಿವೇ ಆಗಿರುವುದಿಲ್ಲ ಅನ್ನುವುದು ಸಮಾಜದ ಒಬ್ಬರಿಗೂ ಹೊಳೆದಿರಲಿಲ್ಲ. ಬೆಳ್ಳುಳ್ಳಿಯೂ ಹಾಗೆಯೇ. ಎಂಟು ಡಬ್ಬಿಯಲ್ಲಿ ಐದು ತುಂಬಿದಂತೆಯೇ ವಾಪಸ್ಸು.

ಸಿಟ್ಟು ಬಂತು. ನಾನು ಹುಟ್ಟಿದಾಗಿನಿಂದ ಬೆಳ್ಳುಳ್ಳಿ ತಿಂದವಳಲ್ಲ, ನನ್ನ ಮಗಳಿಗೆ ಹಾಲು ಕಡಿಮೆಯಾಗಿಲ್ಲ. ಹೇಳಲು ಬಾಯಿ ತೆರೆದೆ. ಆಗ ಮಂಜುಳಾ ಕಣ್ಣಿಗೆ ಬಿದ್ದಳು. ಊಟದ ಕಡೆಗೂ ನೋಡುತ್ತಿಲ್ಲ, ಜಗಳದ ಕಡೆಗೂ ಇಲ್ಲ. ಮಗುವಿನ ಎದೆಯ ಮೇಲೆ ಅಂಗೈ. ತುಟಿ ಅಲುಗುತ್ತಿದೆ.

ಎಣಿಸುತ್ತಿದ್ದಾಳೆ. ಆ ಲೆಕ್ಕ ನನಗೆ ಗೊತ್ತು.

ಡಬ್ಬಿಯ ಮುಚ್ಚಳ ಹಾಕಿದೆ.

ಜೂನ್ 11, ಬುಧವಾರ

ಬಸದಿಯ ಪಕ್ಕದ ಅಡುಗೆಮನೆಯ ಜಗಲಿಯಲ್ಲಿ ಮೀಟಿಂಗ್. ಮಹಿಮಾ ನನ್ನ ತೊಡೆಯ ಮೇಲೆ. ಸಮಾಜದ ನಯನಕ್ಕನ ಮುಖ ಕೆಂಪು. ಅತ್ತೆಯ ಕಡೆ ತಿರುಗಿದರು. "ಮಾಡಿ ಕೊಟ್ಟಿದ್ದಕ್ಕೆ ಇಷ್ಟು ಸೊಕ್ಕಾ? ನಿಲ್ಸಿಬಿಡೋಣ ಕಾಂಚನಮಾಲಕ್ಕ."

ಅತ್ತೆ ರಾತ್ರಿಯಿಡೀ ನೊಂದಿದ್ದರು. ಆದರೂ ಅಂದರು, "ಅವ್ರು ಉಣ್ಣದೇ ಇರೋದನ್ನ ಬಡಿಸಿದ್ರೆ ಅದು ಸೇವೆ ಹೆಂಗಾಗುತ್ತೆ? ನಮ್ಮ ಹಟ ಆಗುತ್ತೆ."

ಬೆಳ್ಳುಳ್ಳಿ ಆ ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಆ ಮಾತು ಯಾರೂ ಎತ್ತಲಿಲ್ಲ. ನನಗೇ ಗೊತ್ತಿಲ್ಲದೆ ನನ್ನ ದನಿ ಬಂತು — ಸಾರು ನಾವು ಕೊಡೋಣ, ಬೆಳ್ಳುಳ್ಳಿ ಅವರು ಹುರಿದು ತಂದು ಹಾಕಿಕೊಳ್ಳಲಿ. ಮುತ್ತಮ್ಮನನ್ನೇ ಕೇಳುತ್ತೇನೆ. ಹಸಿದವರಿಗೆ ಆಗಲೇ ಬಡಿಸೋಣ, ಉಳಿದವರಿಗೆ ಅನ್ನ, ಸಾರು ಹಾಟ್‌ಬಾಕ್ಸಿನಲ್ಲಿಟ್ಟು ಬಂದರೆ ಎಂಟು ಗಂಟೆಗೂ ಬಿಸಿ ಇರುತ್ತದೆ.

"ನಮ್ಮ ಸಾರಿಗೆ ಬೆಳ್ಳುಳ್ಳೀನಾ!" ನಯನಕ್ಕ.

ಅತ್ತೆ ಒಂದು ಡಬ್ಬಿ ಎತ್ತಿ ಹಿಡಿದರು. "ನಮ್ಮ ಡಬ್ಬಿಯಿಂದ ಇಳಿದ ಮೇಲೆ ಅದು ಅವ್ರ ತಟ್ಟೆ ನಯನಾ. ಅವ್ರ ತಟ್ಟೇಲಿ ನಮಗೇನು ಕೆಲ್ಸ?"

ಈ ಹೆಂಗಸಿಗೆ ನಾನು ಹೆದರುತ್ತೇನಲ್ಲ...

ಜೂನ್ 13, ಶುಕ್ರವಾರ

ಮುತ್ತಮ್ಮನಿಗೆ ಹೇಳಿದೆ. ಮೊದಲು ನಂಬಲೇ ಇಲ್ಲ. "ನಾನಾ? ನಿಮ್ ಸಂಘಕ್ಕಾ?" ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹುರಿಯಕ್ಕೆ ತುಪ್ಪ ನಿಂದು ಬ್ಯಾಡ ಬಿಡವ್ವ. ಮನೇಲಿ ಹಸ ಐತೆ. ಸೊಸೆ ಸುಲೀತಾಳೆ, ಹುರೀತಾಳೆ, ಮಗ ಡೈರಿಗೆ ಹಾಲು ಹಾಕಿ ಬಸ್ಸಿಗೆ ಕೊಟ್ಟು ಕಳಿಸ್ತಾನೆ. ಎಂಟು ಜನಕ್ಕೆ ತಾನೆ?"

ದಾರಿಯಲ್ಲಿ ಫೋನ್: ಹೋಗುವಾಗ ಎರಡು, ಬರುವಾಗ ಒಂದು.

ಜೂನ್ 17, ಮಂಗಳವಾರ. ಸಂಜೆ 7.15

ಮುತ್ತಮ್ಮ ಹಾರ್ಲಿಕ್ಸ್ ಬಾಟಲಿ ಹಿಡಿದು ಹಾಸಿಗೆಯಿಂದ ಹಾಸಿಗೆಗೆ, ತಹಶೀಲ್ದಾರರು ಬಂದ ಹಾಗೆ. ಕೆಂಪಗೆ ಹುರಿದ ಎಸಳು, ಒಬ್ಬರಿಗೆ ಆರು. "ಮುಖ ಸಿಂಡರಿಸ್ಬ್ಯಾಡ, ನುಂಗು!" ನಿನ್ನೆ ಒಂದು ಡಬ್ಬಿಯೂ ಉಳಿದಿರಲಿಲ್ಲವಂತೆ. ವಾರ್ಡಿನಲ್ಲಿ ಈಗ ನನ್ನ ಹೆಸರು "ಊಟದಕ್ಕ". ನಾಲ್ಕು ತಿಂಗಳಿಂದ ನಾನು ಮಹಿಮಾಳ ಅಮ್ಮ ಮಾತ್ರ ಆಗಿದ್ದೆ. ಇನ್ನೊಂದು ಹೆಸರು ಸಿಕ್ಕಿದ್ದಕ್ಕೆ ಇಷ್ಟು ಖುಷಿ ಯಾಕೋ.

ಇನ್ನೊಂದು. ಬರುವಾಗ ಓಮ್ನಿಯಲ್ಲಿ ನಿದ್ದೆ ಬಂದುಬಿಟ್ಟಿತು! ಬೇಲೂರಿನ ಬಸ್‌ಸ್ಟ್ಯಾಂಡ್ ದಾಟಿದ್ದು ನೆನಪಿದೆ, ಆಮೇಲೆ ಏನೂ ಇಲ್ಲ. ಕಣ್ಣು ಬಿಟ್ಟಾಗ ಗಾಡಿ ನಮ್ಮ ಬೀದಿಯಲ್ಲಿ, ಬೇವಿನ ಮರದ ಕೆಳಗೆ ನಿಂತಿದೆ. ಮಾಮ ಪಾತ್ರೆ ಒಂದೊಂದಾಗಿ ಸದ್ದಾಗದ ಹಾಗೆ ಇಳಿಸುತ್ತಿದ್ದಾರೆ.

"ಎಬ್ಬಿಸ್ಬಾರ್ದಿತ್ತಾ ಮಾಮ?"

"ಗೊರಕೆ ಚೆನ್ನಾಗಿತ್ತಮ್ಮ. ಕೇಳ್ಕೊಂಡಿದ್ದೆ."

ಎದ್ದುಬಿದ್ದು ಓಡಿದೆ. ಮಗು ಅತ್ತೆಯ ತೊಡೆಯ ಮೇಲೆ ಅವರ ಬಳೆ ಕಚ್ಚುತ್ತಿತ್ತು. ಎತ್ತಿಕೊಳ್ಳಲು ಹೋದರೆ ಅತ್ತೆ ಮೂಗು ಮುಚ್ಚಿಕೊಂಡರು. "ಅಯ್ಯಯ್ಯೋ, ಬೆಳ್ಳುಳ್ಳಿ ಗೋದಾಮಿಂದ ಬಂದ್ಯಾ? ಸ್ನಾನ ಮಾಡಿ ಮುಟ್ಟು."

ಜೂನ್ 20, ಶುಕ್ರವಾರ

ಇವತ್ತಿನದು ಬರೆಯಬೇಕು.

ಮುತ್ತಮ್ಮ ಬಾಟಲಿ ಹಿಡಿದು ಆ ಕಡೆ ಹೋಗಿದ್ದರು. ಮಂಜುಳಾಳ ತಟ್ಟೆಯಲ್ಲಿ ಅನ್ನ ಹಾಗೆಯೇ ಇತ್ತು. ಅಂಗೈ ಮಗುವಿನ ಎದೆಯ ಮೇಲೆ.

"ಎಷ್ಟಾಯ್ತು?" ಕೇಳಿದೆ.

ಬೆಚ್ಚಿದಳು. "ಏನಕ್ಕ?"

"ಉಸಿರು ಎಣಿಸ್ತಿದ್ದೀಯಲ್ಲ. ನಿಮಿಷಕ್ಕೆ ನಲವತ್ತರ ಮೇಲಿರುತ್ತೆ. ಒಂದೊಂದ್ಸಲ ನಿಂತ ಹಾಗಾಗಿ ಮತ್ತೆ ಶುರುವಾಗುತ್ತೆ. ಆಗ ಜೀವ ಬಾಯಿಗೆ ಬರುತ್ತೆ."

ನನ್ನನ್ನೇ ನೋಡಿದಳು. "ನಿಮ್ಗೆಂಗೆ ಗೊತ್ತು?"

"ನಾನು ಮೂಗಿನ ಹತ್ರ ಬೆರಳು ಹಿಡೀತೀನಿ. ನಿನ್ನೆ ಹನ್ನೊಂದು ಸಲ."

ಅಷ್ಟು ಹೇಳಿದ್ದೇ ತಡ, ಅವಳ ಕಣ್ಣು ತುಂಬಿತು. ನಂದೂ. ನಾಲ್ಕು ತಿಂಗಳಿಂದ ಯಾರಿಗೂ ಹೇಳದ ಮಾತು ಆಸ್ಪತ್ರೆಯ ಮಂಚದ ತುದಿಯಲ್ಲಿ, ಸಾರಿನ ಸೌಟು ಹಿಡಿದುಕೊಂಡು ಹೊರಗೆ ಬಂತು.

"ನಾನು ಮಲಗಿದ್ರೆ ಕೂಸು ಸತ್ತೋಯ್ತದೆ ಅನ್ನಿಸ್ತೈತೆ ಅಕ್ಕ. ಅವ್ವಂಗೆ ಹೇಳಿದ್ರೆ ದೃಷ್ಟಿ ತೆಗೀತಾಳೆ."

"ಡಾಕ್ಟ್ರಿಗೆ ಹೇಳು ಮಂಜುಳಾ. ಇಲ್ಲೇ ಇದ್ದಾರಲ್ಲ."

"ನೀವು ಹೇಳಿದ್ರಾ?"

ಇಪ್ಪತ್ತೆರಡು ವರ್ಷದ ಹುಡುಗಿ, ಎಸ್ಸೆಸ್ಸೆಲ್ಸಿ. ಎಂ.ಎಸ್ಸಿ.ಯನ್ನು ಒಂದೇ ಪ್ರಶ್ನೆಗೆ ಕೂರಿಸಿದಳು.

"ನೀವು ಹೇಳಿದ್ರೆ ನಾನೂ ಹೇಳ್ತೀನಿ," ಅಂದಳು. "ಮಂಗಳವಾರ ಬತ್ತೀರಲ್ಲ."

ಜೂನ್ 24, ಮಂಗಳವಾರ. ಸಂಜೆ 8

ಹೇಳಿದೆವು.

ಮೂರು ದಿನ ಬರೆಯಲಿಲ್ಲ. ಜ್ವರ ಅಂತ ಹೇಳಿ ತಪ್ಪಿಸಿಕೊಳ್ಳೋಣ ಅಂತ ಬೆಳಿಗ್ಗೆಯವರೆಗೂ ಇತ್ತು. ಆದರೆ ನಾನು ಹೋಗದಿದ್ದರೆ ಅವಳೂ ಹೇಳುವುದಿಲ್ಲ. ನನಗೋಸ್ಕರ ಅಂತಿದ್ದಿದ್ದರೆ ಖಂಡಿತ ಹೋಗುತ್ತಿರಲಿಲ್ಲ.

ಲೇಡಿ ಡಾಕ್ಟರ್, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು. "ಈ ವಾರ ನೀವಿಬ್ಬರು ಮೂರನೆಯವರು, ನಾಲ್ಕನೆಯವರು" ಅಂದರು. ಹೆರಿಗೆಯ ನಂತರ ಕೆಲವರಿಗೆ ಹೀಗಾಗುತ್ತದಂತೆ. ತಲೆ ಕೆಟ್ಟಿದ್ದಲ್ಲ, ಕೆಟ್ಟ ತಾಯಿ ಅಂತಲೂ ಅಲ್ಲ. ವಾಸಿಯಾಗುತ್ತದೆ. ದಿನಕ್ಕೆ ನಾಲ್ಕು ಗಂಟೆ ಒಂದೇ ಸಮ ನಿದ್ದೆ ಮಾಡಲೇಬೇಕು, ಆಗ ಮಗು ಬೇರೆಯವರ ಕೈಯಲ್ಲಿರಬೇಕು. ಎರಡು ವಾರ ಬಿಟ್ಟು ಬನ್ನಿ, ಕಡಿಮೆಯಾಗದಿದ್ದರೆ ಮಾತ್ರೆ ನೋಡೋಣ. "ಮನೇಲಿ ಇವತ್ತೇ ಹೇಳಿ."

ಹೊರಗೆ ಬಂದು ಮಂಜುಳಾ ಪೂರ್ತಿ ತಟ್ಟೆ ಉಂಡಳು. ಮುತ್ತಮ್ಮನಿಗೆ ಖುಷಿಯೋ ಖುಷಿ. "ನೋಡ್ದಾ ಬೆಳ್ಳುಳ್ಳಿ ಗುಣಾನ!"

ಇಬ್ಬರೂ ನಕ್ಕೆವು. ಬಿಡಿಸಿ ಹೇಳಲಿಲ್ಲ.

ಜೂನ್ 25, ಬುಧವಾರ

ನಿನ್ನೆಯೇ ಅತ್ತೆಗೆ, ನಿಶ್ಚಲ್‌ಗೆ ಹೇಳಿದೆ. ನಿಶ್ಚಲ್ ಹತ್ತು ಗಂಟೆಗೆ ಮಗುವಿನ ಹಾಸಿಗೆ ಎತ್ತಿಕೊಂಡು ಅತ್ತೆಯ ಕೋಣೆಗೆ ಹೋಗಿಬಿಟ್ಟರು. "ಎರಡರವರೆಗೆ ನಂದು. ಎಣಿಸಬೇಕಾ? ನಾನೇ ಎಣಿಸ್ತೀನಿ. ಬ್ಯಾಂಕಲ್ಲಿ ದಿನಾ ಅದೇ ಕೆಲಸ." ಇವತ್ತು ಎಂಟೂವರೆ ಬಸ್ಸಿಗೆ ಹೋದರು.

ಅತ್ತೆ ಮಾತ್ರ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದರು. ಕೊನೆಗೆ ಸೊಪ್ಪು ಬಿಡಿಸುವಾಗ ಸಿಡಿದರು.

"ಹಗರೆ ಹುಡುಗೀಗೆ ಹೇಳ್ತೀಯ. ನನಗೆ ಹೇಳಲ್ಲ."

"ಅವಳಿಗೆ ಊಟ ಬಡಿಸೋಕೆ ಅಂತ ಕಳಿಸಿದ್ದು ನೀವೇ ಅತ್ತೆ. ನನ್ನ ಕಷ್ಟ ಗೊತ್ತಾಗಿ ಕಳಿಸಿದ್ರೇನೋ ಅಂದ್ಕೊಂಡಿದ್ದೆ."

"ಅಯ್ಯೋ, ನನಗೇನು ಕನಸು ಬಿದ್ದಿತ್ತಾ? ಬಡಿಸೋಕೆ ಜನ ಸಾಲ್ಲಿಲ್ಲ, ಕರೆದೆ!"

ಇಷ್ಟು ಪ್ರಾಮಾಣಿಕವಾದ ಮಾತು ಈ ಮನೆಗೆ ಬಂದಮೇಲೆ ಕೇಳಿರಲಿಲ್ಲ. ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸೊಪ್ಪಿನ ದಂಟು ನನ್ನ ಮೇಲೆ ಎಸೆದರು.

ಜುಲೈ 1, ಮಂಗಳವಾರ

ಮಂಜುಳಾ ಊರಿಗೆ ಹೋದಳು. ಮಗು ಎರಡೂಕಾಲು ಕೆ.ಜಿ. ಈಗ ರಾತ್ರಿ ಅವ್ವನೂ ಅವಳೂ ಸರದಿ ಮಲಗುತ್ತಾರಂತೆ. ಮುತ್ತಮ್ಮ ಬಾಟಲಿಯನ್ನು ವಾರ್ಡಿನ ಇನ್ನೊಬ್ಬ ಬಾಣಂತಿಯ ತಾಯಿ ಜಯಮ್ಮ ಅನ್ನುವವರ ಕೈಗೆ ಒಪ್ಪಿಸಿ, ಹುರಿಯುವ ಹದ ನಾಲ್ಕು ಸಲ ಹೇಳಿ, ನನ್ನ ತಲೆ ಸವರಿ ಹೋದರು. ನಾನು ಇವರಿಗೆ ಕೊಟ್ಟಿದ್ದು ನಮ್ಮತ್ತೆ ಮಾಡಿದ ಸಾರು. ನನಗೆ ಸಿಕ್ಕಿದ್ದನ್ನು ಯಾವ ಪಾತ್ರೆಯಲ್ಲಿ ತುಂಬಲಿ.

ಫೋನ್: ಹೋಗುವಾಗ ಒಂದು. ಬರುವಾಗ ಮರೆತೆ.

ಜುಲೈ 11, ಶುಕ್ರವಾರ. ಮಧ್ಯಾಹ್ನ 3.50

ಮೊನ್ನೆ ಡಾಕ್ಟರ ಹತ್ತಿರ ಹೋಗಿದ್ದೆ. ಮಾತ್ರೆ ಸದ್ಯ ಬೇಡ, ಹೀಗೇ ಮುಂದುವರಿಯಲಿ ಅಂದರು. ನಿನ್ನೆ ಒಂದೇ ಸಮ ನಾಲ್ಕೂವರೆ ಗಂಟೆ ನಿದ್ದೆ. ಭಯ ಹೋಗಿಲ್ಲ. ಮೊದಲು ಮನೆ ತುಂಬ ಇತ್ತು, ಈಗ ಒಂದು ಮೂಲೆಯಲ್ಲಿದೆ.

ವಾರ್ಡಿಗೆ ಹೊಸಬಳು ಬಂದಿದ್ದಾಳಂತೆ, ಅರೇಹಳ್ಳಿಯ ಕಡೆಯವಳು, ಚೊಚ್ಚಲು. ಊಟ ಮುಟ್ಟುತ್ತಿಲ್ಲ, ಸುಮ್ಮನೆ ಮಗುವನ್ನೇ ನೋಡುತ್ತಾ ಕೂತಿರುತ್ತಾಳೆ ಅಂತ ನಿನ್ನೆ ಹೋಗಿದ್ದ ನಯನಕ್ಕ ಹೇಳಿದರು. "ನಿನ್ನ ಕೇಸು ಕಣೇ ಅದು," ಅಂದರು. ಇವತ್ತು ಅವಳ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು.

ಮಹಿಮಾ ಒಳಗೆ ಅತ್ತೆಯ ಪಕ್ಕ ಮಲಗಿದ್ದಾಳೆ. ಹೊರಡುವ ಮುಂಚೆ ಹೋಗಿ ನೋಡಲಿಲ್ಲ. ಸುಳ್ಳು — ಒಂದು ಸಲ ನೋಡಿದೆ. ಬೆರಳು ಹಿಡಿಯಲಿಲ್ಲ, ಬಾಗಿಲಿನಿಂದಲೇ.

ಮಾಮ ಹಾರ್ನ್ ಹೊಡೆದರು. ಎದ್ದಳು! ಅಳುತ್ತಿದ್ದಾಳೆ. ಅತ್ತೆ ಎತ್ತಿಕೊಂಡು ತಿರುಗಾಡಿಸುತ್ತಿದ್ದಾರೆ, ಆದರೂ ಅಳು ನಿಲ್ಲುತ್ತಿಲ್ಲ. ಎಷ್ಟು ಜೋರು, ಬೀದಿಗೆಲ್ಲ ಕೇಳುವ ಹಾಗೆ. ಅಷ್ಟು ಅಳಬೇಕಾದರೆ ಎಷ್ಟು ಉಸಿರು ಬೇಕು... ಅಳು ಪುಟ್ಟ, ಚೆನ್ನಾಗಿ ಅಳು. ಅಮ್ಮ ಆರೂವರೆಗೆ ಬರುತ್ತಾಳೆ.