ಬದುಕಿರುವ ಸಕ್ಸಾವುಲ್ ಮರಕ್ಕೆ ನಿಮ್ಮ ಕೆಂಪು ಗೀಟು

ಮಾನ್ಯ ನಗರಾಡಳಿತಾಧಿಕಾರಿಗಳೇ,

ಗಣಿಯ ಮೂರನೇ ದ್ವಾರದ ಎದುರಿನ ಸಕ್ಸಾವುಲ್ ಮರ ಸತ್ತಿದೆಯೆಂದು ತಾವು ತೀರ್ಪಿತ್ತು, ಅದಕ್ಕೆ ಕೆಂಪು ಗೀಟು ಎಳೆಸಿ, ಬರುವ ಸೋಮವಾರ ಕಡಿಯಲು ಆದೇಶಿಸಿದ್ದೀರಿ. ಆ ಜಾಗದಲ್ಲಿ ದೀಪ ಮಿನುಗುವ ಪ್ಲಾಸ್ಟಿಕ್ ಖರ್ಜೂರದ ಮರ ನಿಲ್ಲಲಿದೆಯಂತೆ. ಸಂತೋಷ. ನೀರು ಕೇಳುವುದಿಲ್ಲ, ನೆರಳು ಕೊಡುವುದಿಲ್ಲ, ಉದ್ಘಾಟನೆಯ ಫೋಟೋದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ತಮ್ಮ ಕಚೇರಿಗೆ ಹೇಳಿ ಮಾಡಿಸಿದಂತಿದೆ.

ತಾವು ರಾಜಧಾನಿಯಿಂದ ಬಂದದ್ದು ಜನವರಿಯಲ್ಲಿ. ಸಕ್ಸಾವುಲ್ ಚಳಿಗಾಲದಲ್ಲಿ ಒಣಕಟ್ಟಿಗೆಯ ಹಾಗೇ ಇರುತ್ತದೆ, ಏಪ್ರಿಲ್‌ನಲ್ಲಿ ಹಸಿರು ಕಡ್ಡಿ ಬಿಡುತ್ತದೆ. ಕಿಜಿಲ್‌ಕುಮ್ ಮರಳುಗಾಡಿನ ಕುರಿಗೂ ಗೊತ್ತಿರುವ ಈ ಸಂಗತಿ ತಿಳಿಯಲು ತಮಗೆ ಪುರುಸೊತ್ತಾಗಲಿಲ್ಲ. ಕಾರಿನ ಗಾಜನ್ನೂ ಇಳಿಸದೆ ಮರದ ಆಯುಷ್ಯ ಅಳೆಯುವ ಪಂಡಿತರನ್ನು ನಾನು ಈವರೆಗೆ ಕಂಡಿರಲಿಲ್ಲ.

ಬಣ್ಣದ ಡಬ್ಬಿ ಹಿಡಿದು ಬಂದ ನಿಮ್ಮ ನೌಕರ ಬೆಕ್ತೆಮಿರ್‌ನನ್ನು ನಾನೇ ತಡೆದೆ.

"ಒಂದೆಲೆನೂ ಇಲ್ವಲ್ಲ ಚಿಕ್ಕಮ್ಮ. ಸತ್ತಿದೆ ಅಂತ ಸಾಹೇಬ್ರು ಬರೆದಿದಾರೆ," ಎಂದ.

"ನಿಮ್ಮ ಸಾಹೇಬ್ರ ತಲೇಲಿ ಒಂದು ಕೂದ್ಲೂ ಇಲ್ಲ. ಅವ್ರಿಗೂ ಗೀಟು ಹಾಕ್ತೀಯೇನಪ್ಪ?"

ಅವನು ನಕ್ಕ. "ಹೊಟ್ಟೆಪಾಡು ಚಿಕ್ಕಮ್ಮ," ಎಂದು ಗೀಟು ಎಳೆದೇ ಹೋದ.

ಅದು ಯಾರ ಮರವೆಂದಾದರೂ ಕೇಳಿದಿರಾ? ಹತ್ತೊಂಬತ್ತು ವರ್ಷದ ಹಿಂದೆ ಚಿನ್ನದ ಗಣಿಯ ಗೋಡೆ ಕುಸಿದು, ನನ್ನ ಗಂಡ ಹೊಲ್ಮತ್ ಅಗೆಯುವ ಯಂತ್ರದ ಸಮೇತ ಕಲ್ಲಿನಡಿ ಹೂತುಹೋದರು. ಶವ ಸಿಗಲಿಲ್ಲ. ಮಣ್ಣು ಕೊಡಲು ದೇಹವೇ ಸಿಗದ ಗಣಿಗಾರನಿಗೆ ಅವನ ತಂಡದವರು ಒಂದು ಸಕ್ಸಾವುಲ್ ನೆಡುವುದು ಇಲ್ಲಿನ ರೂಢಿ. ಪಾಳಿಗೆ ಹೊರಟವರು ಇಂದಿಗೂ ಮೊದಲ ಬಟ್ಟಲು ಚಹಾವನ್ನು ಅದರ ಬುಡಕ್ಕೆ ಸುರಿದು, "ಕುಡಿ ಹೊಲ್ಮತಣ್ಣ. ನಾವು ಬರೋವರ್ಗೂ ಗೋಡೆ ಹಿಡ್ಕೊಂಡಿರು," ಎನ್ನುತ್ತಾರೆ. ನನಗಿರುವ ಸಮಾಧಿ ಅದೊಂದೇ.

ಇದೇ ತಮ್ಮ ಕಚೇರಿ ಅವರ ಮರಣಪತ್ರ ಕೊಡಲು ನನ್ನನ್ನು ಮೂರು ವರ್ಷ ಸತಾಯಿಸಿತು. "ಹೆಣ ಇಲ್ದೆ ಸತ್ತಿದಾರೆ ಅಂತ ಹೇಗೆ ಬರೆಯೋದಮ್ಮ? ಎಲ್ಲಾದ್ರೂ ಓಡಿ ಹೋಗಿರಬಹುದು," ಎಂದು ಕಿಟಕಿಯಾಚೆಯಿಂದ ಹೇಳಿದ್ದರು. ಬೆಟ್ಟದಷ್ಟು ಕಲ್ಲಿನಡಿ ಹೂತುಹೋದವನನ್ನು ಸತ್ತನೆನ್ನಲು ಮೂರು ವರ್ಷ. ಬದುಕಿರುವ ಮರವನ್ನು ಸತ್ತಿತೆನ್ನಲು ಒಂದು ನಿಮಿಷ. ಈ ಚುರುಕು ಆಗ ಎಲ್ಲಿಗೆ ಹೋಗಿತ್ತು ಸ್ವಾಮಿ?

ಆದೇಶವನ್ನು ಹಿಂಪಡೆಯಿರಿ. ಏಪ್ರಿಲ್‌ನಲ್ಲಿ ಬಂದು, ಕಾರಿನಿಂದ ಇಳಿದು, ಕಡ್ಡಿಯ ತುದಿ ಮುಟ್ಟಿ ನೋಡಿ. ಸೋಮವಾರ ನಾನು ಆ ಮರದ ಬುಡದಲ್ಲೇ ಕುರ್ಚಿ ಹಾಕಿ ಕೂತಿರುತ್ತೇನೆ. ಕೊಡಲಿ ತರುವವರು ನಾನೂ ಸತ್ತಿದ್ದೇನೆಂದು ತಮ್ಮಿಂದ ಬರೆಸಿಕೊಂಡೇ ಬರಲಿ. ಅದಕ್ಕೂ ತಮಗೆ ಒಂದೇ ನಿಮಿಷ ಸಾಕು.

ಇಂತಿ,
ಒಬ್ಬನೇ ಗಂಡನನ್ನು ಎರಡನೇ ಸಲ ಕಳೆದುಕೊಳ್ಳಲು ಒಪ್ಪದ,
ಓಯ್ದಿನ್
ಅದಿರು ಕಾರ್ಖಾನೆಯ ನಿವೃತ್ತ ಕ್ರೇನ್ ಚಾಲಕಿ