ಶುಕ್ರವಾರದ ಸೂಟಿ

ಬಳ್ಳಾರಿ, ಕಂಟೋನ್ಮೆಂಟ್
ಸೋಮವಾರ, 27-8-1945

ನದಿಯಾಚೆಯ ಮಾಸ್ತರರಿಗೆ,

ಸಿಟ್ಟು ಇಳಿದಿದ್ರ ನಮಸ್ಕಾರ. ಇಳಿಯದಿದ್ರೂ ನಮಸ್ಕಾರ. ಗಂಡ ಅಂದಮ್ಯಾಲ ಬಿಡಾಕ ಬರ್ತೈತೇನು?

ನಿಮ್ಮ ಕಾರ್ಡು ಮುಟ್ಟಿತು. ಯುಗಾದಿ ಆದಮ್ಯಾಲ ಇದು ಆರನೇದು. ಆರರಾಗೂ ಅದೇ ರಾಗ: ಇಬ್ಬರಿಗೂ ಕೂಡಿ ರಜಾ ಬರೂದಿಲ್ಲ, ಹೆಂಗ ಭೇಟಿ ಆಗೋದು ಅಂತ. ಖರೇ ಐತ್ರಿ. ನಿಜಾಮರ ಸೀಮ್ಯಾಗ ನಿಮ್ಮ ಸಾಲಿಗೆ ಶುಕ್ರವಾರ ಸೂಟಿ, ಇಲ್ಲಿ ಮದ್ರಾಸ್ ಸರ್ಕಾರದಾಗ ನನ್ನ ಸಾಲಿಗೆ ಆದಿತ್ಯವಾರ. ಆದ್ರ ವರ್ಷದಾಗ ಒಂದು ದಿನಾನೂ ಕೂಡೂದಿಲ್ಲೇನು ಅಂತ ನನಗ ತಲ್ಯಾಗ ಹುಳ ಹೊಕ್ಕಿತು. ಜವಳಿ ಮಾರಾಕ ನದಿ ದಾಟೋ ಅಬ್ದುಲ್ ಸಮದ್ ಸಾಹೇಬ್ರ ಕೈಲಿ ನಿಮ್ಮ ಕಡೆಯ ರಜಾ ಪಟ್ಟಿ ತರಿಸಿದೆ. ನನ್ನ ಪಟ್ಟಿ ಪಕ್ಕಕ್ಕಿಟ್ಟು ಕೆಂಪು ಪೆನ್ಸಿಲ್ ಹಿಡಕೊಂಡು ಕೂತೆ.

ಸಿಕ್ತು ನೋಡ್ರಿ! ಬರೋ ತಿಂಗಳು ಏಳನೇ ತಾರೀಖು ಶುಕ್ರವಾರ. ಅವತ್ತು ಸಂಜಿ ಚಂದ್ರ ಕಂಡ್ರ ಶನಿವಾರ ರಂಜಾನ್ ಹಬ್ಬ, ಎರಡೂ ಸರ್ಕಾರದಾಗ ರಜಾ. ಕಾಣದಿದ್ರ ಹಬ್ಬ ಆದಿತ್ಯವಾರ, ಅವತ್ತೂ ಇಬ್ಬರಿಗೂ ಸೂಟಿ. ಸೋಮವಾರ ನನಗ ಗಣೇಶ ಚೌತಿ ರಜಾ. ಚಂದ್ರ ಏನು ಮಾಡಿದ್ರೂ ನಿಮಗ ನೆಪ ಸಿಗೂದಿಲ್ಲ. ಸಿರುಗುಪ್ಪದಾಗ ನಿಮ್ಮ ಅಕ್ಕ ದೊಡ್ಡಬಸಮ್ಮನವರ ಮನಿಗೆ ಶನಿವಾರ ಸಂಜಿಯೊಳಗ ಬಂದಿರ್ತೀನಿ.

ಕುರುಗೋಡಿನಾಗ ನಮ್ಮವ್ವನ ಮುಂದ ನೀವು ಆಡಿದ್ದು ಮರೆತಿಲ್ಲ. ನಾನು ನೌಕರಿ ಬಿಡೋತನಕ ನನ್ನ ಮನಿ ಹೊಸ್ತಿಲು ತುಳಿಯೂದಿಲ್ಲ ಅಂದ್ರಿ. ನಾನೂ ಜೋರಿನ್ಯಾಗ, ಬ್ಯಾಡ ಬಿಡ್ರಿ ಅಂದೆ. ಐದು ತಿಂಗಳಾತು. ಈ ಹುಡುಗೇರಿಗೆ ಅಕ್ಷರ ಕಲಿಸೋದು ಬಿಡಾಕ ನನ್ನ ಕೈಲಿ ಆಗೂದಿಲ್ಲ. ನಿಮ್ಮನ್ನ ಬಿಟ್ಟಿರಾಕೂ ಆಗವಲ್ದು, ಅದನ್ನೂ ಬರದೇಬಿಡ್ತೀನಿ.

ಇನ್ನೊಂದು ಕೇಳ್ಲೇನು? ಶುಕ್ರವಾರ ಇಡೀ ದಿನ ನೀವು ಏನು ಮಾಡ್ತೀರಿ? ಮಲಗ್ತೀರೋ, ಇಸ್ಪೀಟು ಆಡ್ತೀರೋ? ಆರು ಕಾರ್ಡಿನಾಗ ಒಂದು ಸಾಲೂ ಅದರ ಸುದ್ದಿ ಇಲ್ಲ. ಕಡೀ ಕಾರ್ಡಿನಾಗ ಮಾತ್ರ, ಕೆಮ್ಮಿಗೆ ಮೆಣಸಿನ ಕಷಾಯ ಕುಡಿ ಅಂತ ಬರದೀರಿ. ನನಗ ಕೆಮ್ಮು ಅಂತ ನಿಮಗ ಬರದವರು ಯಾರು? ನಾನಂತೂ ಬರದಿಲ್ಲ.

ಇಂತಿ, ನಿಮ್ಮಷ್ಟೇ ಹಟದಾಕಿ,
ಸುವರ್ಣ

ತಾ.ಕ.: ಸಾಲಿ ಎದುರು ಶೇಂಗಾ ಮಾರೋ ಲಾಲಬೀ ಮೊನ್ನೆ ಒಂದು ಚಾರ್‌ಮಿನಾರ್ ಚಿತ್ರದ ನಾಣ್ಯ ತೋರಿಸಿ, ಇದು ಇಲ್ಲಿ ನಡೆಯೂದಿಲ್ಲ, ಯಾರೋ ಕರಿ ಟೋಪಿಯವರು ಅವಸರದಾಗ ಕೊಟ್ಟು ಹೋದ್ರು ಅಂತ ಬೈಯಾಕತ್ತಿದ್ದಳು. ಅವರು ಪ್ರತಿ ಶುಕ್ರವಾರ ಬರ್ತಾರಂತ. ಬೇವಿನ ಮರದ ಕೆಳಗ ಕೂತು ನನ್ನ ಕ್ಲಾಸಿನ ಕಿಟಕಿ ನೋಡ್ತಾರಂತ. ಟೀಚರಮ್ಮನ ಕೆಮ್ಮು ಹೆಂಗೈತಿ ಅಂತ ಕೇಳಿ, ಸಾಲಿ ಬಿಡೋ ಗಂಟಿ ಹೊಡಿಯೋ ಮುಂಚೇನ ಎದ್ದು ಹೋಗ್ತಾರಂತ. ಆಕಿಗೆ ನಮ್ಮ ದುಡ್ಡು ಕೊಟ್ಟು ಆ ನಾಣ್ಯ ನಾನೇ ಇಟಗೊಂಡೀನಿ. ಸಿರುಗುಪ್ಪಕ್ಕ ಆಮ್ಯಾಲೂ ಹೋಗೋಣಂತ. ಈ ಕಾಗದ ನಾಳೇನ ಸಮದ್ ಸಾಹೇಬ್ರ ಕೈಲಿ ಕಳಿಸ್ತೀನಿ, ಯಾಕಂದ್ರ ಈ ಶುಕ್ರವಾರಕ್ಕ ರಜಾ ಚೀಟಿ ಬರದು ಕೊಟ್ಟೀನಿ. ಮುಂಜಾನೆಯಿಂದ ಆ ಮರದ ಕೆಳಗ ಕೂತಿರ್ತೀನಿ, ಬರ್ರಿ. ಬೇವಿನ ಮರಕ್ಕ ಹೊಸ್ತಿಲಿಲ್ಲ.